ಹಾಗಲಕಾಯಿ ರಸದಿಂದ ಅರಿಶಿನದ ಕ್ಯಾಪ್ಸೂಲ್‌ವರೆಗೆ: ಸಸ್ಯಜನ್ಯ ರಾಸಾಯನಿಕಗಳು ನಿಜಕ್ಕೂ ರೋಗ ತಡೆಯುತ್ತವೆಯೇ?

ಬೆಳಿಗ್ಗೆ ಎದ್ದು ಫೋನ್ ತೆರೆದರೆ ಇಂಥ ಒಂದಾದರೂ ಸಂದೇಶ ಕಾದಿರುತ್ತದೆ. ಖಾಲಿ ಹೊಟ್ಟೆಗೆ ಹಾಗಲಕಾಯಿ ರಸ ಕುಡಿದರೆ ಸಕ್ಕರೆ ಕಾಯಿಲೆ ಮಾಯ. ಲಕ್ಷ್ಮಣಫಲ ಕೀಮೋಥೆರಪಿಗಿಂತ ಹತ್ತು ಸಾವಿರ ಪಟ್ಟು ಶಕ್ತಿಶಾಲಿ. ರಾಗಿ ಎಷ್ಟು ತಿಂದರೂ ಶುಗರ್ ಏರುವುದಿಲ್ಲ. ಕೊನೆಯಲ್ಲಿ 'ವಿಜ್ಞಾನಿಗಳೇ ಸಾಬೀತುಪಡಿಸಿದ್ದಾರೆ, ಹತ್ತು ಜನರಿಗೆ ಕಳಿಸಿ' ಎಂಬ ಸಾಲು.

ನಮ್ಮ ದೊಡ್ಡಪ್ಪ ಇಂಥದ್ದೊಂದು ಸಂದೇಶ ನಂಬಿ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟರು. ಎರಡು ತಿಂಗಳು ದಿನವೂ ಹಾಗಲಕಾಯಿ ರಸ ಕುಡಿದರು. ಕಾಲಿನ ಸಣ್ಣ ಗಾಯ ಮಾಯದೆ ಕೀವಾದಾಗ ಆಸ್ಪತ್ರೆಗೆ ಹೋದರು. ಕಾಲು ಉಳಿಯಿತು, ಆದರೆ ಅದಕ್ಕೆ ಮೂರು ವಾರ ಹಿಡಿಯಿತು. 'ತರಕಾರಿ ತಾನೇ, ಏನಾಗುತ್ತೆ ಅಂದುಕೊಂಡೆ ಮಗಾ' ಎಂದರು. ಅವರ ಪ್ರಶ್ನೆ ತಪ್ಪಲ್ಲ. ತರಕಾರಿ, ಹಣ್ಣು, ಸೊಪ್ಪು, ಮಸಾಲೆಗಳಲ್ಲಿ ಆರೋಗ್ಯಕ್ಕೆ ಒಳ್ಳೆಯದಾದ ರಾಸಾಯನಿಕಗಳಿವೆ ಎನ್ನುವುದು ಸುಳ್ಳಲ್ಲ. ಆದರೆ ಅಲ್ಲಿಂದ 'ರೋಗ ಗುಣವಾಗುತ್ತದೆ' ಎನ್ನುವವರೆಗಿನ ದಾರಿ ಬಹಳ ಉದ್ದ. ಆ ದಾರಿಯಲ್ಲಿ ವಿಜ್ಞಾನ ಎಲ್ಲಿಯವರೆಗೆ ತಲುಪಿದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಸಸ್ಯಜನ್ಯ ರಾಸಾಯನಿಕ ಎಂದರೇನು?

ಸಸ್ಯಗಳಲ್ಲಿ ಪಿಷ್ಟ, ಪ್ರೋಟೀನ್, ಕೊಬ್ಬು, ಜೀವಸತ್ವ, ಖನಿಜಗಳಲ್ಲದೆ ಇನ್ನೂ ಸಾವಿರಾರು ಬಗೆಯ ರಾಸಾಯನಿಕಗಳಿವೆ. ಇವುಗಳನ್ನು ಒಟ್ಟಾಗಿ ಫೈಟೊಕೆಮಿಕಲ್ ಅಥವಾ ಸಸ್ಯಜನ್ಯ ರಾಸಾಯನಿಕ ಎನ್ನುತ್ತಾರೆ. 'ಫೈಟೊ' ಎಂದರೆ ಗ್ರೀಕ್ ಭಾಷೆಯಲ್ಲಿ ಸಸ್ಯ. ನೇರಳೆ ಹಣ್ಣಿನ ಬಣ್ಣ, ಮೆಣಸಿನಕಾಯಿಯ ಖಾರ, ಮೆಂತ್ಯದ ಕಹಿ, ಬೆಳ್ಳುಳ್ಳಿಯ ವಾಸನೆ, ಅಡಿಕೆಯ ಒಗರು ಎಲ್ಲವೂ ಇವುಗಳದ್ದೇ ಕೆಲಸ.

ಜೀವಸತ್ವಕ್ಕೂ ಇವುಗಳಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಸಿ ಜೀವಸತ್ವ ಸಿಗದಿದ್ದರೆ ಸ್ಕರ್ವಿ ಬರುತ್ತದೆ. ಆದರೆ ಅರಿಶಿನದ ಕರ್ಕ್ಯುಮಿನ್ ಅಥವಾ ಟೊಮೆಟೊದ ಲೈಕೋಪಿನ್ ಸಿಗದಿದ್ದರೆ ಬರುವ ಕಾಯಿಲೆ ಯಾವುದೂ ಇಲ್ಲ. ಹಾಗಾಗಿಯೇ 'ದಿನಕ್ಕೆ ಇಷ್ಟು ಮಿಲಿಗ್ರಾಂ ಬೇಕು' ಎಂಬ ಪ್ರಮಾಣವನ್ನು ಇವುಗಳಿಗೆ ನಿಗದಿ ಮಾಡಿಲ್ಲ.

ನಮ್ಮ ಊಟದಲ್ಲಿ ಸಾಮಾನ್ಯವಾಗಿ ಸಿಗುವ ಮುಖ್ಯ ಗುಂಪುಗಳು ಇವು:

- ಕ್ಯಾರೊಟಿನಾಯ್ಡ್‌ಗಳು: ಹಳದಿ, ಕಿತ್ತಳೆ, ಕೆಂಪು ಬಣ್ಣ ಕೊಡುತ್ತವೆ. ಕ್ಯಾರೆಟ್, ಸಿಹಿಗುಂಬಳ, ಪಪ್ಪಾಯ, ಮಾವು, ಟೊಮೆಟೊಗಳಲ್ಲಿವೆ. ಹಸಿರು ಸೊಪ್ಪಿನಲ್ಲೂ ಇವೆ, ಹಸಿರು ಬಣ್ಣ ಅವನ್ನು ಮುಚ್ಚಿಹಾಕಿರುತ್ತದೆ ಅಷ್ಟೆ.
- ಪಾಲಿಫಿನಾಲ್‌ಗಳು: ಅತಿ ದೊಡ್ಡ ಗುಂಪು. ಎಂಟು ಸಾವಿರಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಲಾಗಿದೆ. ನೇರಳೆ, ದ್ರಾಕ್ಷಿ, ಈರುಳ್ಳಿ, ನೆಲ್ಲಿಕಾಯಿ, ಚಹಾ, ಕಾಫಿ, ರಾಗಿ, ಕೋಕೋಗಳಲ್ಲಿವೆ. ಅರಿಶಿನದ ಕರ್ಕ್ಯುಮಿನ್ ಕೂಡ ಈ ಗುಂಪಿಗೆ ಸೇರುತ್ತದೆ.
- ಗಂಧಕವಿರುವ ಸಂಯುಕ್ತಗಳು: ಬೆಳ್ಳುಳ್ಳಿ, ಈರುಳ್ಳಿಯಲ್ಲಿ ಒಂದು ಬಗೆ, ಎಲೆಕೋಸು, ಹೂಕೋಸು, ಮೂಲಂಗಿ, ಸಾಸಿವೆಗಳಲ್ಲಿ ಇನ್ನೊಂದು ಬಗೆ.
- ಫೈಟೊಸ್ಟೆರಾಲ್‌ಗಳು: ಕೊಲೆಸ್ಟೆರಾಲ್‌ನ ಸಸ್ಯಲೋಕದ ಸೋದರರು. ಎಳ್ಳು, ಕಡಲೆಕಾಯಿ, ಬಾದಾಮಿ, ಇಡೀ ಧಾನ್ಯಗಳಲ್ಲಿವೆ.
- ಆಲ್ಕಲಾಯ್ಡ್‌ಗಳು ಮತ್ತು ಇತರೆ: ಕಾಳುಮೆಣಸಿನ ಪೈಪರಿನ್, ಮೆಣಸಿನಕಾಯಿಯ ಕ್ಯಾಪ್ಸೈಸಿನ್, ಕಾಫಿಯ ಕೆಫೀನ್.

ಗಿಡ ಇವನ್ನೆಲ್ಲ ಯಾರಿಗಾಗಿ ತಯಾರಿಸುತ್ತದೆ?

ನಮಗಾಗಿ ಅಲ್ಲ. ಗಿಡಕ್ಕೆ ಓಡಿಹೋಗಲು ಕಾಲಿಲ್ಲ, ಹೊಡೆಯಲು ಕೈಯಿಲ್ಲ. ಹುಳು, ಶಿಲೀಂಧ್ರ, ಮೇಯುವ ಪ್ರಾಣಿ, ಸುಡುವ ಬಿಸಿಲು ಇವುಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಅದು ಕಂಡುಕೊಂಡ ದಾರಿ ರಾಸಾಯನಿಕ. ಕೆಲವು ಬಣ್ಣ, ಪರಿಮಳಗಳು ಪರಾಗಸ್ಪರ್ಶಕ್ಕೆ ಕೀಟಗಳನ್ನು, ಬೀಜ ಹರಡಲು ಹಕ್ಕಿಗಳನ್ನು ಕರೆಯುತ್ತವೆ. ಕಹಿ, ಒಗರು, ಖಾರ ಮುಂತಾದವು ಬಹುಪಾಲು 'ನನ್ನನ್ನು ತಿನ್ನಬೇಡ' ಎಂಬ ಎಚ್ಚರಿಕೆ.

ಇದನ್ನು ಮರೆತಾಗ ಏನಾಗುತ್ತದೆ ಎಂಬುದಕ್ಕೆ ಸೋರೆಕಾಯಿಯೇ ಉದಾಹರಣೆ. ಸೋರೆ, ಸೌತೆ, ಹೀರೆ ಜಾತಿಯ ಗಿಡಗಳಲ್ಲಿ ಕುಕುರ್ಬಿಟಾಸಿನ್ ಎಂಬ ಕಹಿ ವಿಷವಿರುತ್ತದೆ. ನಾವು ಬೆಳೆಯುವ ತಳಿಗಳಲ್ಲಿ ಅದು ತೀರಾ ಕಡಿಮೆ. ಆದರೆ ಕೆಲವೊಮ್ಮೆ ಒಂದು ಕಾಯಿಯಲ್ಲಿ ಅದು ಹೆಚ್ಚಾಗಿಬಿಡುತ್ತದೆ. ಆರೋಗ್ಯಕ್ಕೆಂದು ಸೋರೆಕಾಯಿ ರಸ ಕುಡಿಯುವ ಅಭ್ಯಾಸ ಹಬ್ಬಿದ ಮೇಲೆ, ಕಹಿಯಾಗಿದ್ದರೂ 'ಔಷಧಿ ಕಹಿಯೇ ತಾನೇ' ಎಂದು ನುಂಗಿದವರು ವಾಂತಿ, ರಕ್ತಸ್ರಾವದಿಂದ ಆಸ್ಪತ್ರೆ ಸೇರಿದರು. ಸಾವುಗಳೂ ಆದವು. ಕೊನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ತಜ್ಞರ ಸಮಿತಿಯ ಮೂಲಕ ಎಚ್ಚರಿಕೆ ಕೊಡಬೇಕಾಯಿತು: ಕಹಿಯಾದ ಸೋರೆಕಾಯಿ ರಸವನ್ನು ಕುಡಿಯಲೇಬೇಡಿ. 'ನೈಸರ್ಗಿಕ' ಎಂಬ ಪದಕ್ಕೂ 'ಸುರಕ್ಷಿತ' ಎಂಬ ಪದಕ್ಕೂ ಸಂಬಂಧವಿಲ್ಲ.

ದೇಹದೊಳಗೆ ಇವು ಮಾಡುವುದೇನು?

ಹೆಚ್ಚಿನ ಜಾಹೀರಾತುಗಳು ಒಂದೇ ಉತ್ತರ ಕೊಡುತ್ತವೆ: ಆಂಟಿಆಕ್ಸಿಡೆಂಟ್. ದೇಹದಲ್ಲಿ 'ಫ್ರೀ ರ್‍ಯಾಡಿಕಲ್' ಎಂಬ ಪುಂಡರು ಕೋಶಗಳನ್ನು ಹಾಳು ಮಾಡುತ್ತಾರೆ, ಇವು ಹೋಗಿ ಅವರನ್ನು ಸುಮ್ಮನಾಗಿಸುತ್ತವೆ ಎಂಬ ಕಥೆ. ಪರೀಕ್ಷಾ ನಳಿಕೆಯಲ್ಲಿ ಇದು ನಿಜ. ದೇಹದಲ್ಲಿ ಅಷ್ಟು ಸರಳವಲ್ಲ.

ಮೊದಲನೆಯದಾಗಿ, ತಿಂದ ಪಾಲಿಫಿನಾಲ್‌ನಲ್ಲಿ ಬಹುಪಾಲು ರಕ್ತಕ್ಕೆ ಸೇರುವುದೇ ಇಲ್ಲ. ಸೇರಿದ್ದನ್ನೂ ಯಕೃತ್ತು ಬೇಗನೆ ಬದಲಾಯಿಸಿ ಹೊರಹಾಕುತ್ತದೆ. ಎರಡನೆಯದಾಗಿ, ಫ್ರೀ ರ್‍ಯಾಡಿಕಲ್‌ಗಳು ಬರೀ ಪುಂಡರಲ್ಲ. ರೋಗಾಣುಗಳನ್ನು ಕೊಲ್ಲಲು, ಕೋಶಗಳ ನಡುವೆ ಸಂದೇಶ ಕಳಿಸಲು ದೇಹವೇ ಅವನ್ನು ಬಳಸುತ್ತದೆ. ಆಹಾರಗಳ ಆಂಟಿಆಕ್ಸಿಡೆಂಟ್ ಶಕ್ತಿಗೆ ಅಂಕ ಕೊಡುತ್ತಿದ್ದ 'ಒರ್‍ಯಾಕ್' ಎಂಬ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ತನ್ನ ಜಾಲತಾಣದಿಂದ ತೆಗೆದೇಹಾಕಿತು. ಆ ಅಂಕಗಳಿಗೂ ಮನುಷ್ಯರ ಆರೋಗ್ಯಕ್ಕೂ ಸಂಬಂಧ ತೋರಿಸುವ ಪುರಾವೆ ಇಲ್ಲ, ಕಂಪನಿಗಳು ಅದನ್ನು ಮಾರಾಟಕ್ಕೆ ದುರುಪಯೋಗ ಮಾಡಿಕೊಳ್ಳುತ್ತಿವೆ ಎಂಬುದು ಅದು ಕೊಟ್ಟ ಕಾರಣ. ಆದರೂ ಇಂದಿಗೂ ಡಬ್ಬಿಗಳ ಮೇಲೆ ಅಂಥ ಅಂಕಗಳು ಕಾಣಿಸುತ್ತವೆ.

ಹಾಗಾದರೆ ಇವು ಹೇಗೆ ಕೆಲಸ ಮಾಡುತ್ತಿರಬಹುದು? ಸಂಶೋಧಕರು ಈಗ ಮೂರು ದಾರಿಗಳತ್ತ ಹೆಚ್ಚು ಗಮನ ಕೊಡುತ್ತಿದ್ದಾರೆ.

ಒಂದು, ಸಣ್ಣ ಪೆಟ್ಟು. ಸಸ್ಯದ ರಕ್ಷಣಾ ರಾಸಾಯನಿಕಗಳು ನಮ್ಮ ಕೋಶಗಳಿಗೂ ಸಣ್ಣ ಮಟ್ಟದ ಕಿರಿಕಿರಿ ಕೊಡುತ್ತವೆ. ಅದಕ್ಕೆ ಪ್ರತಿಯಾಗಿ ಕೋಶ ತನ್ನದೇ ರಕ್ಷಣಾ ಕಿಣ್ವಗಳನ್ನು ಹೆಚ್ಚಿಸಿಕೊಳ್ಳುತ್ತದೆ. ವ್ಯಾಯಾಮದಿಂದ ಸ್ನಾಯು ಬಲಿಯುವ ಹಾಗೆ. 1992ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಪಾಲ್ ತಲಾಲೆ ತಂಡ ಬ್ರೊಕೊಲಿಯಿಂದ ಪ್ರತ್ಯೇಕಿಸಿದ ಸಲ್ಫೊರಾಫೇನ್ ಈ ಬಗೆಯದ್ದು.

ಎರಡು, ಕರುಳಿನ ಬ್ಯಾಕ್ಟೀರಿಯಾ. ರಕ್ತಕ್ಕೆ ಸೇರದ ಪಾಲಿಫಿನಾಲ್‌ಗಳು ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿನ ಬ್ಯಾಕ್ಟೀರಿಯಾ ಅವನ್ನು ಮುರಿದು ಹೊಸ ಸಂಯುಕ್ತಗಳನ್ನು ಮಾಡುತ್ತವೆ. ದಾಳಿಂಬೆಯ ಸಂಯುಕ್ತಗಳಿಂದ ಯೂರೊಲಿಥಿನ್ ಆಗುವುದು ಹೀಗೆ. ಆದರೆ ಇದನ್ನು ಮಾಡಬಲ್ಲ ಬ್ಯಾಕ್ಟೀರಿಯಾ ಎಲ್ಲರ ಕರುಳಿನಲ್ಲೂ ಇರುವುದಿಲ್ಲ. ಒಂದೇ ಹಣ್ಣು ತಿಂದ ಇಬ್ಬರಿಗೆ ಸಿಗುವ ಪ್ರಯೋಜನ ಬೇರೆ ಬೇರೆ ಆಗಲು ಇದೂ ಒಂದು ಕಾರಣ.

ಮೂರು, ನೇರ ಅಡ್ಡಗಾಲು. ಫೈಟೊಸ್ಟೆರಾಲ್ ಕರುಳಿನಲ್ಲಿ ಕೊಲೆಸ್ಟೆರಾಲ್ ಜೊತೆ ಪೈಪೋಟಿಗಿಳಿದು ಅದರ ಹೀರಿಕೆಯನ್ನು ಕಡಿಮೆ ಮಾಡುತ್ತದೆ. ದಿನಕ್ಕೆ ಸುಮಾರು 2 ಗ್ರಾಂ ಸೇವಿಸಿದರೆ ಕೆಟ್ಟ ಕೊಲೆಸ್ಟೆರಾಲ್ ಎನ್ನುವ ಎಲ್‌ಡಿಎಲ್ 8ರಿಂದ 10 ಶೇಕಡಾದಷ್ಟು ಇಳಿಯುತ್ತದೆ ಎಂಬುದು ಅನೇಕ ಪ್ರಯೋಗಗಳಲ್ಲಿ ಕಂಡಿದೆ. ಆದರೆ ಸಾಮಾನ್ಯ ಊಟದಿಂದ ಸಿಗುವುದು ಅದಕ್ಕಿಂತ ತುಂಬಾ ಕಡಿಮೆ.

ಪುರಾವೆಯ ಮೆಟ್ಟಿಲುಗಳು

'ಸಾಬೀತಾಗಿದೆ' ಎಂಬ ಪದವನ್ನು ಸುದ್ದಿಗಳಲ್ಲಿ ಬಹಳ ಸಡಿಲವಾಗಿ ಬಳಸುತ್ತಾರೆ. ಪುರಾವೆಯಲ್ಲಿ ಮೆಟ್ಟಿಲುಗಳಿವೆ.

ಕೆಳಗಿನ ಮೆಟ್ಟಿಲು ಪ್ರಯೋಗಾಲಯದ ತಟ್ಟೆ. ಕ್ಯಾನ್ಸರ್ ಕೋಶಗಳ ಮೇಲೆ ಒಂದು ಸಾರವನ್ನು ಸುರಿದರೆ ಅವು ಸಾಯುತ್ತವೆ. ಲಕ್ಷ್ಮಣಫಲದ 'ಹತ್ತು ಸಾವಿರ ಪಟ್ಟು' ಹುಟ್ಟಿದ್ದು ಇಲ್ಲೇ. 1990ರ ದಶಕದ ಒಂದು ಅಧ್ಯಯನದಲ್ಲಿ ಆ ಜಾತಿಯ ಸಸ್ಯದ ಒಂದು ಸಂಯುಕ್ತ, ತಟ್ಟೆಯಲ್ಲಿ ಬೆಳೆಸಿದ ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಒಂದು ಕೀಮೋ ಔಷಧಿಗಿಂತ ಅಷ್ಟು ಕಡಿಮೆ ಪ್ರಮಾಣದಲ್ಲೇ ಕೆಲಸ ಮಾಡಿತು. ಆ ಮಾತು ಹಣ್ಣಿನ ಬಗ್ಗೆ ಅಲ್ಲ, ಮನುಷ್ಯರ ಬಗ್ಗೆಯೂ ಅಲ್ಲ. ತಟ್ಟೆಯಲ್ಲಿರುವ ಕ್ಯಾನ್ಸರ್ ಕೋಶವನ್ನು ಬ್ಲೀಚಿಂಗ್ ಪೌಡರ್ ಕೂಡ ಕೊಲ್ಲುತ್ತದೆ. ಲಕ್ಷ್ಮಣಫಲ ತಿಂದು ಮನುಷ್ಯರ ಕ್ಯಾನ್ಸರ್ ಗುಣವಾಯಿತೆಂದು ತೋರಿಸಿದ ಸರಿಯಾದ ಪ್ರಯೋಗ ಇಲ್ಲ. ಬದಲಿಗೆ, ಕೆರಿಬಿಯನ್ ದ್ವೀಪ ಗ್ವಾಡಲೂಪ್‌ನಲ್ಲಿ ಈ ಹಣ್ಣು ಮತ್ತು ಎಲೆಯ ಕಷಾಯವನ್ನು ಹೆಚ್ಚಾಗಿ ಸೇವಿಸುವವರಲ್ಲಿ ಪಾರ್ಕಿನ್ಸನ್ ಹೋಲುವ ನರರೋಗ ಹೆಚ್ಚಿರುವುದನ್ನು ವೈದ್ಯರು 1999ರಲ್ಲಿ ವರದಿ ಮಾಡಿದರು.

ಎರಡನೇ ಮೆಟ್ಟಿಲು ಇಲಿಗಳ ಮೇಲಿನ ಪ್ರಯೋಗ. ಮೂರನೆಯದು ಜನರ ಆಹಾರ ಪದ್ಧತಿಯನ್ನು ವರ್ಷಗಟ್ಟಲೆ ಗಮನಿಸುವುದು. ನಾಲ್ಕನೆಯದು ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ನಿಜವಾದ ಗುಳಿಗೆ, ಇನ್ನೊಂದಕ್ಕೆ ಹುಸಿ ಗುಳಿಗೆ ಕೊಟ್ಟು ಫಲಿತಾಂಶ ನೋಡುವುದು.

ಮೂರನೇ ಮೆಟ್ಟಿಲಿನಲ್ಲಿ ಚಿತ್ರ ಆಶಾದಾಯಕ. 2017ರಲ್ಲಿ ಪ್ರಕಟವಾದ, 95 ಅಧ್ಯಯನಗಳನ್ನು ಒಟ್ಟು ಸೇರಿಸಿದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ ತಿನ್ನುವ ಹಣ್ಣು–ತರಕಾರಿ 200 ಗ್ರಾಂ ಹೆಚ್ಚಾದಂತೆ ಹೃದ್ರೋಗದ ಅಪಾಯ 8 ಶೇಕಡಾ, ಪಾರ್ಶ್ವವಾಯುವಿನ ಅಪಾಯ 16 ಶೇಕಡಾ, ಎಲ್ಲ ಕಾರಣಗಳಿಂದ ಸಾಯುವ ಅಪಾಯ 10 ಶೇಕಡಾ ಕಡಿಮೆ. ಕ್ಯಾನ್ಸರ್‌ಗೆ ಈ ಅಂಕಿ ಬರೀ 3 ಶೇಕಡಾ.

ಆದರೆ ಇಲ್ಲೊಂದು ತೊಡಕಿದೆ. ಹೆಚ್ಚು ತರಕಾರಿ ತಿನ್ನುವವರು ಸಾಮಾನ್ಯವಾಗಿ ಕಡಿಮೆ ಸಿಗರೇಟು ಸೇದುತ್ತಾರೆ, ಹೆಚ್ಚು ನಡೆಯುತ್ತಾರೆ, ಅವರ ಆದಾಯವೂ ಹೆಚ್ಚು. ಲಾಭ ತರಕಾರಿಯದ್ದೋ, ಅವರ ಒಟ್ಟು ಬದುಕಿನದ್ದೋ? ತರಕಾರಿಯದ್ದೇ ಆದರೂ ಅದು ನಾರಿನಿಂದಲೋ, ಪೊಟ್ಯಾಸಿಯಂನಿಂದಲೋ, ಸಸ್ಯಜನ್ಯ ರಾಸಾಯನಿಕದಿಂದಲೋ, ತರಕಾರಿ ತಿಂದದ್ದರಿಂದ ಬೋಂಡಾ ತಿನ್ನುವುದು ಕಡಿಮೆಯಾದದ್ದರಿಂದಲೋ? ಇದನ್ನು ಬಿಡಿಸಲು ನಾಲ್ಕನೇ ಮೆಟ್ಟಿಲು ಬೇಕು.

ಬೀಟಾ ಕ್ಯಾರೊಟಿನ್ ಕಲಿಸಿದ ಪಾಠ

ಈ ಕ್ಷೇತ್ರದಲ್ಲಿ ಕೆಲಸ ಮಾಡುವವರೆಲ್ಲ ಮರೆಯದ ಕಥೆ ಇದು. ಕ್ಯಾರೆಟ್, ಸೊಪ್ಪು, ಪಪ್ಪಾಯ ಹೆಚ್ಚು ತಿನ್ನುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು 1980ರ ದಶಕದ ಅಧ್ಯಯನಗಳು ಹೇಳುತ್ತಿದ್ದವು. ಅವುಗಳಲ್ಲಿರುವ ಬೀಟಾ ಕ್ಯಾರೊಟಿನ್ ಇದಕ್ಕೆ ಕಾರಣವಿರಬೇಕು ಎಂದು ವಿಜ್ಞಾನಿಗಳು ಊಹಿಸಿದರು. ಹಾಗಿದ್ದರೆ ಅದನ್ನೇ ಗುಳಿಗೆ ಮಾಡಿ ಕೊಡಬಾರದೇಕೆ?

ಫಿನ್‌ಲೆಂಡ್‌ನಲ್ಲಿ ಧೂಮಪಾನ ಮಾಡುವ 29,133 ಗಂಡಸರ ಮೇಲೆ ಪ್ರಯೋಗ ನಡೆಯಿತು. ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಕೊಟ್ಟರು. ಐದರಿಂದ ಎಂಟು ವರ್ಷ ಗಮನಿಸಿದರು. 1994ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ದಂಗಾದರು. ಬೀಟಾ ಕ್ಯಾರೊಟಿನ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು 18 ಶೇಕಡಾ ಹೆಚ್ಚಾಗಿತ್ತು.

ಅದೇ ಹೊತ್ತಿಗೆ ಅಮೆರಿಕದಲ್ಲಿ ಧೂಮಪಾನಿಗಳು ಮತ್ತು ಕಲ್ನಾರಿನ ಕೆಲಸಗಾರರು ಸೇರಿ 18,314 ಜನರ ಮೇಲೆ ಇನ್ನೊಂದು ಪ್ರಯೋಗ ನಡೆಯುತ್ತಿತ್ತು. ಅಲ್ಲಿ ಬೀಟಾ ಕ್ಯಾರೊಟಿನ್ ಜೊತೆ ಎ ಜೀವಸತ್ವ ಕೊಡುತ್ತಿದ್ದರು. ಕ್ಯಾನ್ಸರ್ 28 ಶೇಕಡಾ, ಸಾವು 17 ಶೇಕಡಾ ಹೆಚ್ಚಾದದ್ದು ಕಂಡು 1996ರ ಜನವರಿಯಲ್ಲಿ, ಅಂದುಕೊಂಡದ್ದಕ್ಕಿಂತ 21 ತಿಂಗಳು ಮೊದಲೇ ಅದನ್ನು ನಿಲ್ಲಿಸಿದರು.

ಕ್ಯಾರೆಟ್ ಕೆಟ್ಟದ್ದು ಎಂದು ಇದರ ಅರ್ಥವಲ್ಲ. ಕ್ಯಾರೆಟ್ಟಿನಲ್ಲಿ ಬೀಟಾ ಕ್ಯಾರೊಟಿನ್ ಒಂದೇ ಇರುವುದಿಲ್ಲ. ನಾರಿದೆ, ಹತ್ತಾರು ಬೇರೆ ಸಂಯುಕ್ತಗಳಿವೆ, ಅದು ನಿಧಾನವಾಗಿ ಜೀರ್ಣವಾಗುತ್ತದೆ. ಅದರಿಂದ ಒಂದನ್ನು ಮಾತ್ರ ಕಿತ್ತು, ದೊಡ್ಡ ಪ್ರಮಾಣದಲ್ಲಿ, ವರ್ಷಗಟ್ಟಲೆ, ಹೊಗೆಯಿಂದ ಹಾಳಾದ ಶ್ವಾಸಕೋಶಕ್ಕೆ ಕೊಟ್ಟಾಗ ಅದು ಬೇರೆಯೇ ವಸ್ತುವಾಗುತ್ತದೆ. ಬೀಡಿ, ಸಿಗರೇಟು ಸೇದುವವರು ಬೀಟಾ ಕ್ಯಾರೊಟಿನ್ ಗುಳಿಗೆಗಳಿಂದ ದೂರವಿರಬೇಕು ಎಂಬ ಸಲಹೆ ಇಂದಿಗೂ ಜಾರಿಯಲ್ಲಿದೆ.

ಎಲ್ಲ ಪ್ರಯೋಗಗಳೂ ಹೀಗೆ ಮುಗಿದಿಲ್ಲ. ಕೋಕೋ ಸಾರದ ಮೇಲೆ ಅಮೆರಿಕದಲ್ಲಿ 21,442 ಹಿರಿಯರನ್ನು ಸೇರಿಸಿ ನಡೆಸಿದ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ದಿನಕ್ಕೆ 500 ಮಿಲಿಗ್ರಾಂ ಫ್ಲೇವನಾಲ್ ಪಡೆದವರಲ್ಲಿ ಹೃದಯ, ರಕ್ತನಾಳದ ತೊಂದರೆಗಳು ಒಟ್ಟಾರೆ 10 ಶೇಕಡಾ ಕಡಿಮೆ ಇದ್ದವು. ಆದರೆ ಇದು ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣ ವ್ಯತ್ಯಾಸ. ಹೃದ್ರೋಗದ ಸಾವು ಮಾತ್ರ 27 ಶೇಕಡಾ ಕಡಿಮೆ. ಭರವಸೆ ಇದೆ, ತೀರ್ಪು ಇಲ್ಲ. ಪ್ರಯೋಗಕ್ಕೆ ಚಾಕೊಲೇಟ್ ಕಂಪನಿಯೊಂದರ ಹಣಸಹಾಯ ಇತ್ತು. ಮತ್ತು ಅಂಗಡಿಯ ಸಿಹಿ ಚಾಕೊಲೇಟ್ ತಿಂದು ಅಷ್ಟು ಫ್ಲೇವನಾಲ್ ಪಡೆಯಲು ಹೊರಟರೆ ಮೊದಲು ಸಿಗುವುದು ಸಕ್ಕರೆ.

ಅರಿಶಿನದ ಲೆಕ್ಕ

ಅರಿಶಿನದ ಬಗ್ಗೆ ಸಾವಿರಾರು ಸಂಶೋಧನಾ ಲೇಖನಗಳಿವೆ. ಉರಿಯೂತ ತಗ್ಗಿಸುವ ಗುಣ ಪ್ರಯೋಗಾಲಯದಲ್ಲಿ ಚೆನ್ನಾಗಿ ಕಂಡಿದೆ. ತೊಡಕು ಲೆಕ್ಕದಲ್ಲಿದೆ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು 3 ಶೇಕಡಾ. ಮನೆಯಲ್ಲಿ ಒಬ್ಬರು ದಿನಕ್ಕೆ 2 ಗ್ರಾಂ ಅರಿಶಿನ ತಿಂದರೂ ಸಿಗುವುದು 60 ಮಿಲಿಗ್ರಾಂ. ಪ್ರಯೋಗಗಳಲ್ಲಿ ಕೊಡುವುದು 500 ಮಿಲಿಗ್ರಾಂನಿಂದ ಹಲವು ಗ್ರಾಂವರೆಗೆ. ಸಾಲದ್ದಕ್ಕೆ, ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ರಕ್ತಕ್ಕೆ ಸೇರುವುದು ಅತ್ಯಲ್ಪ.

ಇಲ್ಲಿ ಬೆಂಗಳೂರಿನ ಹೆಸರೂ ಬರುತ್ತದೆ. 1998ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಸಾರ ಕೊಟ್ಟಾಗ ಹೀರಿಕೆ 2,000 ಶೇಕಡಾ ಹೆಚ್ಚಾದದ್ದನ್ನು ತೋರಿಸಿದರು. ಇಂದು ಜಗತ್ತಿನಾದ್ಯಂತ ಅರಿಶಿನದ ಕ್ಯಾಪ್ಸೂಲ್‌ಗಳಲ್ಲಿ ಮೆಣಸಿನ ಸಾರ ಸೇರಿಸುವುದಕ್ಕೆ ಮೂಲ ಇದೇ. ಆದರೆ ಮೊದಲು ಇದ್ದದ್ದೇ ಬಹುತೇಕ ಸೊನ್ನೆ ಎಂಬುದನ್ನು ನೆನಪಿಡಿ. ಅತ್ಯಲ್ಪವಾದುದನ್ನು ಎಷ್ಟು ಪಟ್ಟು ಮಾಡಿದರೂ ಅದು ದೊಡ್ಡದಾಗಬೇಕೆಂದಿಲ್ಲ.

ಇನ್ನೊಂದು ಕಡೆ, ಹೀರಿಕೆ ಹೆಚ್ಚಿಸಿದರೆ ಅಪಾಯವೂ ಹೆಚ್ಚಬಹುದು. ಇಟಲಿ, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಅರಿಶಿನದ ಕ್ಯಾಪ್ಸೂಲ್ ಸೇವಿಸಿದ ಕೆಲವರಿಗೆ ಯಕೃತ್ತಿನ ಹಾನಿಯಾದ ಪ್ರಕರಣಗಳು ದಾಖಲಾಗಿವೆ. ಅವುಗಳಲ್ಲಿ ಹಲವು ಕ್ಯಾಪ್ಸೂಲ್‌ಗಳಲ್ಲಿ ಕಾಳುಮೆಣಸಿನ ಸಾರವೂ ಇತ್ತು. ಗ್ರೀನ್ ಟೀ ಸಾರದ ಗುಳಿಗೆಗಳ ಬಗ್ಗೆಯೂ ಇಂಥದ್ದೇ ಎಚ್ಚರಿಕೆ ಇದೆ: ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ ಸೇವನೆ ಯಕೃತ್ತಿಗೆ ತೊಂದರೆ ಕೊಡಬಹುದು ಎಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿದೆ. ಹುಳಿ, ಪಲ್ಯಕ್ಕೆ ಹಾಕುವ ಚಿಟಿಕೆ ಅರಿಶಿನದ ಬಗ್ಗೆ ಭಯ ಬೇಡ. ಲೋಟದಲ್ಲಿ ಕುಡಿಯುವ ಚಹಾದ ಬಗ್ಗೆಯೂ ಬೇಡ. ಮಾತು ಸಾಂದ್ರ ಮಾಡಿದ ಗುಳಿಗೆಗಳದ್ದು.

ಮಿಥ್ಯೆ ಮತ್ತು ಸತ್ಯ

ಮಿಥ್ಯೆ: ಹಾಗಲಕಾಯಿ ರಸ ಸಕ್ಕರೆ ಕಾಯಿಲೆ ಗುಣಪಡಿಸುತ್ತದೆ.
ಸತ್ಯ: ಹಾಗಲಕಾಯಿಯಲ್ಲಿ ಸಕ್ಕರೆ ಇಳಿಸುವ ಗುಣವಿರುವ ಸಂಯುಕ್ತಗಳು ಪ್ರಾಣಿಗಳಲ್ಲಿ ಕಂಡಿವೆ. ಆದರೆ 479 ಜನರನ್ನೊಳಗೊಂಡ ನಾಲ್ಕು ಪ್ರಯೋಗಗಳನ್ನು 2012ರಲ್ಲಿ ಪರಿಶೀಲಿಸಿದ ಕೊಕ್ರೇನ್ ವಿಮರ್ಶೆಗೆ ಗಮನಾರ್ಹ ಪ್ರಯೋಜನ ಕಾಣಲಿಲ್ಲ. ಪಲ್ಯ, ಗೊಜ್ಜು ಮಾಡಿ ತಿನ್ನಿ, ಮಾತ್ರೆಗೆ ಬದಲಿ ಎಂದಲ್ಲ.

ಮಿಥ್ಯೆ: ಗಿಡದಿಂದ ಬಂದದ್ದು ಒಳ್ಳೆಯದು, ಕಂಪನಿ ಮಾತ್ರೆ ಕೆಟ್ಟದ್ದು.
ಸತ್ಯ: ನೀವು ಬಿಡಬೇಕೆಂದಿರುವ ಆ ಮೆಟ್‌ಫಾರ್ಮಿನ್ ಮಾತ್ರೆಯ ಮೂಲವೂ ಗಿಡವೇ. ಯುರೋಪಿನ ಗಲೇಗಾ ಎಂಬ ಗಿಡದ ಸಕ್ಕರೆ ಇಳಿಸುವ ಆದರೆ ವಿಷಕಾರಿಯಾದ ಸಂಯುಕ್ತದ ಜಾಡು ಹಿಡಿದು, ಸುರಕ್ಷಿತ ರೂಪ ಹುಡುಕಿ, 1957ರಲ್ಲಿ ಫ್ರಾನ್ಸ್‌ನ ವೈದ್ಯ ಜೀನ್ ಸ್ಟರ್ನ್ ಅದನ್ನು ರೋಗಿಗಳಲ್ಲಿ ಬಳಸಿ ತೋರಿಸಿದರು. ನಮ್ಮ ಮನೆಗಳ ಮುಂದೆ ಅರಳುವ ನಿತ್ಯಪುಷ್ಪದಿಂದ ರಕ್ತದ ಕ್ಯಾನ್ಸರ್‌ಗೆ ಕೊಡುವ ವಿನ್‌ಕ್ರಿಸ್ಟಿನ್ ಬಂತು. ಆ ಗಿಡದ ಎಲೆ ಜಗಿದರೆ ಕ್ಯಾನ್ಸರ್ ಹೋಗುವುದಿಲ್ಲ, ವಿಷವಾಗುತ್ತದೆ. ಅಳತೆ, ಶುದ್ಧತೆ, ಪರೀಕ್ಷೆ ಇವು ಗಿಡವನ್ನು ಔಷಧಿಯಾಗಿಸುತ್ತವೆ.

ಮಿಥ್ಯೆ: ರಾಗಿ ಎಷ್ಟು ತಿಂದರೂ ಶುಗರ್ ಏರುವುದಿಲ್ಲ.
ಸತ್ಯ: ರಾಗಿಯ ಹೊರಪದರದಲ್ಲಿ ಪಾಲಿಫಿನಾಲ್ ಸಮೃದ್ಧವಾಗಿದೆ, 100 ಗ್ರಾಂನಲ್ಲಿ ಸುಮಾರು 11 ಗ್ರಾಂ ನಾರಿದೆ. ಜೊತೆಗೆ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ ಕೂಡ ಇದೆ. ಎರಡು ದೊಡ್ಡ ಮುದ್ದೆ ಉಂಡರೆ ಸಕ್ಕರೆ ಏರಿಯೇ ಏರುತ್ತದೆ. ಒಂದು ಮುದ್ದೆ, ಜೊತೆಗೆ ಧಾರಾಳ ಸೊಪ್ಪು–ಕಾಳಿನ ಬಸ್ಸಾರು ಒಳ್ಳೆಯ ಊಟ.

ಮಿಥ್ಯೆ: ತರಕಾರಿ ಬೇಯಿಸಿದರೆ ಸತ್ವವೆಲ್ಲ ಹೋಗುತ್ತದೆ.
ಸತ್ಯ: ಕೆಲವು ಹೋಗುತ್ತವೆ, ಕೆಲವು ಹೆಚ್ಚುತ್ತವೆ. ಟೊಮೆಟೊ ಬೇಯಿಸಿದಾಗ ಲೈಕೋಪಿನ್ ದೇಹಕ್ಕೆ ಹೆಚ್ಚು ಸುಲಭವಾಗಿ ಸಿಗುತ್ತದೆ.

ಅಡುಗೆಮನೆಯಲ್ಲಿ ಏನು ಮಾಡಬಹುದು?

ಕ್ಯಾರೊಟಿನಾಯ್ಡ್‌ಗಳು ಕೊಬ್ಬಿನಲ್ಲಿ ಕರಗುವಂಥವು. ಸೊಪ್ಪಿನ ಪಲ್ಯಕ್ಕೆ ಒಂದು ಚಮಚ ಎಣ್ಣೆಯ ಒಗ್ಗರಣೆ, ಕ್ಯಾರೆಟ್ ಕೋಸಂಬರಿಗೆ ಸ್ವಲ್ಪ ತೆಂಗಿನತುರಿ ಹಾಕುವುದು ರುಚಿಗೆ ಮಾತ್ರವಲ್ಲ.

ಬೆಳ್ಳುಳ್ಳಿ ಜಜ್ಜಿದಾಗ ಮಾತ್ರ ಅದರ ಕಿಣ್ವ ಕೆಲಸ ಮಾಡಿ ಆಲಿಸಿನ್ ಹುಟ್ಟುತ್ತದೆ. ಜಜ್ಜಿದ ತಕ್ಷಣ ಬಾಣಲೆಗೆ ಹಾಕದೆ ಹತ್ತು ನಿಮಿಷ ಬಿಡಿ.

ಎಲೆಕೋಸು, ಹೂಕೋಸಿನ ಕಿಣ್ವ ಚೆನ್ನಾಗಿ ಬೇಯಿಸಿದಾಗ ಕೆಡುತ್ತದೆ. ಹಸಿ ಸಾಸಿವೆ ಪುಡಿಯಲ್ಲಿ ಅದೇ ಬಗೆಯ ಕಿಣ್ವವಿದೆ. ಬೆಂದ ಬ್ರೊಕೊಲಿಗೆ ಸಾಸಿವೆ ಪುಡಿ ಸೇರಿಸಿದರೆ ಸಲ್ಫೊರಾಫೇನ್ ಹೆಚ್ಚು ಸಿಗುವುದನ್ನು ಸಂಶೋಧಕರು ನೋಡಿದ್ದಾರೆ. ಮಲೆನಾಡಿನಲ್ಲಿ ಹಸಿ ಸಾಸಿವೆ, ತೆಂಗಿನಕಾಯಿ ರುಬ್ಬಿ ಮೊಸರಿನೊಂದಿಗೆ ಕಲಸುವ 'ಸಾಸಿವೆ' ಎಂಬ ಪದಾರ್ಥಕ್ಕೆ ಬೆಂದ ಕೋಸು ಚೆನ್ನಾಗಿ ಹೊಂದುತ್ತದೆ.

ಊಟದ ಜೊತೆಗೆ ಅಥವಾ ಊಟವಾದ ಕೂಡಲೇ ಕಾಫಿ, ಚಹಾ ಬೇಡ. ಅವುಗಳ ಪಾಲಿಫಿನಾಲ್‌ಗಳು ಸೊಪ್ಪು, ಕಾಳು, ಧಾನ್ಯಗಳ ಕಬ್ಬಿಣಾಂಶವನ್ನು ಹಿಡಿದಿಟ್ಟು ದೇಹಕ್ಕೆ ಸಿಗದಂತೆ ಮಾಡುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 57 ಶೇಕಡಾ ಮಹಿಳೆಯರಿಗೆ ರಕ್ತಹೀನತೆ ಇರುವಾಗ ಇದು ಸಣ್ಣ ವಿಷಯವಲ್ಲ. ಒಂದು ಗಂಟೆಯಾದರೂ ಅಂತರವಿರಲಿ. ಊಟಕ್ಕೆ ನಿಂಬೆರಸ ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಸೇರುತ್ತದೆ.

ಎಷ್ಟು ತಿನ್ನಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ, 2,000 ಕ್ಯಾಲೊರಿ ಊಟ ಮಾಡುವವರಿಗೆ ದಿನಕ್ಕೆ ಸೊಪ್ಪು ಸೇರಿ 400 ಗ್ರಾಂ ತರಕಾರಿ ಮತ್ತು 100 ಗ್ರಾಂ ಹಣ್ಣು ಹೇಳಿದೆ. ಇದಕ್ಕೆ ದುಬಾರಿ ಬ್ಲೂಬೆರಿ, ಆವಕಾಡೊ ಬೇಕಿಲ್ಲ. ಸೀಬೆ, ನೇರಳೆ, ಪಪ್ಪಾಯ, ನೆಲ್ಲಿಕಾಯಿ, ನುಗ್ಗೆಸೊಪ್ಪು, ಹರಿವೆ, ಬಸಳೆ, ಬದನೆ, ಹುರುಳಿ, ಅವರೆ ಸಾಕು. ಒಂದೇ 'ಸೂಪರ್ ಫುಡ್' ಹಿಡಿದು ಕೂರುವ ಬದಲು ವಾರದಲ್ಲಿ ತರಕಾರಿ, ಕಾಳುಗಳನ್ನು ಬದಲಾಯಿಸುತ್ತಿರಿ.

ಯಾರು ವಿಶೇಷ ಎಚ್ಚರ ವಹಿಸಬೇಕು?

- ಮೂತ್ರಪಿಂಡದ ಕಾಯಿಲೆ ಇರುವವರು: ಕರಾವಳಿಯಲ್ಲಿ ಧಾರೆಹುಳಿ ಎನ್ನುವ ಕಮರಾಕ್ಷಿ ಹಣ್ಣು ಇವರಿಗೆ ಪ್ರಾಣಾಪಾಯ ತರಬಹುದು. ಅದರಲ್ಲಿರುವ ನರವಿಷವನ್ನು ಕೆಟ್ಟ ಮೂತ್ರಪಿಂಡ ಹೊರಹಾಕಲಾರದು.
- ಕೊಲೆಸ್ಟೆರಾಲ್, ಬಿಪಿ ಮಾತ್ರೆ ಅಥವಾ ಅಂಗ ಕಸಿ ನಂತರದ ಔಷಧಿ ಸೇವಿಸುವವರು: ಗ್ರೇಪ್‌ಫ್ರೂಟ್ ಹಣ್ಣಿನ ಸಂಯುಕ್ತಗಳು ಕೆಲವು ಔಷಧಿಗಳು ದೇಹದಲ್ಲಿ ಕರಗದಂತೆ ತಡೆದು ಅವುಗಳ ಮಟ್ಟ ಏರಿಸುತ್ತವೆ. ನಮ್ಮ ಚಕ್ಕೋತದಲ್ಲೂ ಅದೇ ಗುಂಪಿನ ಸಂಯುಕ್ತಗಳಿವೆ. ವೈದ್ಯರನ್ನು ಕೇಳಿ.
- ರಕ್ತ ತೆಳುವಾಗಿಸುವ ವಾರ್ಫರಿನ್ ಸೇವಿಸುವವರು: ಸೊಪ್ಪು ಬಿಡಬೇಕಿಲ್ಲ, ಆದರೆ ಪ್ರಮಾಣ ದಿನದಿಂದ ದಿನಕ್ಕೆ ಒಂದೇ ಸಮ ಇರಲಿ. ಸೊಪ್ಪಿನ ಕೆ ಜೀವಸತ್ವ ಔಷಧಿಯ ಪರಿಣಾಮವನ್ನು ಬದಲಿಸುತ್ತದೆ.
- ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಕೀಮೋಥೆರಪಿ ಪಡೆಯುತ್ತಿರುವವರು: ಯಾವುದೇ ಸಾರದ ಗುಳಿಗೆಯನ್ನು ವೈದ್ಯರಿಗೆ ಹೇಳದೆ ಆರಂಭಿಸಬೇಡಿ.

ಕೊನೆಯ ಮಾತು

2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, 13.6 ಕೋಟಿ ಜನ ಅದರ ಅಂಚಿನಲ್ಲಿದ್ದಾರೆ. ಈ ಎರಡನೇ ಗುಂಪಿಗೆ ತರಕಾರಿ, ಕಾಳು, ಇಡೀ ಧಾನ್ಯಗಳ ಊಟ, ನಡಿಗೆ, ತೂಕ ನಿಯಂತ್ರಣ ನಿಜವಾಗಿಯೂ ಕಾಯಿಲೆಯನ್ನು ದೂರ ಇಡಬಲ್ಲದು. ಮೊದಲನೇ ಗುಂಪಿಗೂ ಅದೇ ಊಟ ಬೇಕು, ಮಾತ್ರೆಯ ಜೊತೆಗೆ. ತಡೆಯುವುದು ಬೇರೆ, ಗುಣಪಡಿಸುವುದು ಬೇರೆ. ವಾಟ್ಸಾಪ್ ಸಂದೇಶಗಳು ಈ ಎರಡರ ನಡುವಿನ ಗೆರೆಯನ್ನೇ ಅಳಿಸಿಬಿಡುತ್ತವೆ.

ಮುಂದಿನ ಸಲ ಅಂಥ ಸಂದೇಶ ಬಂದರೆ ನಾಲ್ಕು ಪ್ರಶ್ನೆ ಕೇಳಿ. ಇದು ತಟ್ಟೆಯಲ್ಲಿ ಕಂಡದ್ದೋ, ಮನುಷ್ಯರಲ್ಲೋ? ತಿನ್ನುವ ಆಹಾರದ ಬಗ್ಗೆಯೋ, ಸಾರದ ಗುಳಿಗೆಯ ಬಗ್ಗೆಯೋ? ಪ್ರಮಾಣ ಎಷ್ಟು? ಇದನ್ನು ನಂಬಿದರೆ ನಾನು ಯಾವ ಚಿಕಿತ್ಸೆ ಬಿಡಬೇಕಾಗುತ್ತದೆ? ಕೊನೆಯ ಪ್ರಶ್ನೆಗೆ ಉತ್ತರ 'ಒಂದು ಮಾತ್ರೆ' ಎಂದಾದರೆ ಸಂದೇಶವನ್ನು ಅಲ್ಲಿಗೇ ನಿಲ್ಲಿಸಿ.

ದೊಡ್ಡಪ್ಪ ಈಗ ಮಾತ್ರೆ ನುಂಗುತ್ತಾರೆ, ಹಾಗಲಕಾಯಿ ಗೊಜ್ಜನ್ನೂ ತಿನ್ನುತ್ತಾರೆ. ಎರಡಕ್ಕೂ ಜಗಳವಿಲ್ಲ ಎಂದು ಅವರೇ ಊರಿನಲ್ಲಿ ನಾಲ್ಕು ಜನರಿಗೆ ಹೇಳಿದ್ದಾರಂತೆ.